ಬಾಯಿ ನೋಡಿ ಹೆಸರು ಕಲಿತವರು

ಹೋದ ತಿಂಗಳು ನಮ್ಮ ದವಾಖಾನಿಯ ಕ್ಯಾಂಟೀನಿನೊಳಗ ಕಾಕಾನ ಬೀಳ್ಕೊಡುಗೆ ಆತು. ಶಾಲು ಹೊದಿಸಿದ್ರು, ಹಣ್ಣಿನ ಬುಟ್ಟಿ ಕೊಟ್ರು, ಆಮ್ಯಾಲೆ ಭಾಷಣ ಸುರು. ಒಬ್ಬರಾದ ಮ್ಯಾಲೆ ಒಬ್ಬರು ಎದ್ದು ನಿಂತು ಹೇಳಿದ್ದು ಒಂದೇ ಮಾತು: "ಇಂಥಾ ಕಿವಿ ಇನ್ನೊಬ್ಬರಿಗಿಲ್ಲ. ಯಾವ ದೇಶದ ಹೆಸರಿರಲಿ, ಒಮ್ಮೆ ಕಿವಿಗೆ ಬಿದ್ರ ಮುಗೀತು, ಹಂಗೇ ವಾಪಸ್ ಹೇಳ್ತಿದ್ರು." ನಾನು ಮೂರನೇ ಸಾಲಿನೊಳಗ ಕುಂತು ದುಪಟ್ಟಾ ಬಾಯಿಗೆ ಒತ್ತಿ ಹಿಡ್ಕೊಂಡಿದ್ದೆ. ಅಳಾಕತ್ತೀನಿ ಅಂತ ತಿಳ್ಕೊಂಡು ಬಾಜೂಕಿನ ನರ್ಸ್ ನನ್ನ ಬೆನ್ನು ಸವರಿದ್ಲು. ಅಳು ಎಲ್ಲೀದು, ನಗು ತಡೀಲಾರದ ನನ್ನ ಹೊಟ್ಟಿ ನೋಯಾಕತ್ತಿತ್ತು. ಮುಂದಿನ ಸಾಲಿನೊಳಗ ಸೂಪರಿಂಟೆಂಡೆಂಟ್ ಮೇಡಂ ಮೊಬೈಲ್ ನೋಡೋರಂಗ ತಲಿ ಬಗ್ಗಿಸಿ ತುಟಿ ಕಚ್ಚಿಕೊಂಡಿದ್ರು. ಯಾಕಂದ್ರ ಆ ಕ್ಯಾಂಟೀನಿನೊಳಗ ಮೂರೇ ಮಂದಿಗೆ ಗೊತ್ತಿತ್ತು, ಕಾಕಾಗ ಕಿವಿ ಕೇಳಸಂಗಿಲ್ಲ ಅಂತ.

ಕಡೀ ನಾಕು ವರ್ಷ ಕಿವಿ ಹಿಂದ ಹಾಕ್ಕೋತಿದ್ದ ಕೇಳೋ ಮಷಿನ್ನು ಬ್ಲೂಟೂತ್ ಅಂತ ಎಲ್ಲಾರೂ ತಿಳ್ಕೊಂಡಿದ್ರು. "ಈ ವಯಸ್ಸಿನ್ಯಾಗ ಕಾಕಾನ ಶೋಕಿ ನೋಡ್ರಿ" ಅಂತ ಲ್ಯಾಬಿನ ಹುಡುಗರು ಕಾಡಿಸ್ತಿದ್ರು. ಕಾಕಾ ಹೂಂ ಅಂತಿರಲಿಲ್ಲ, ಊಂಹೂಂ ಅಂತಿರಲಿಲ್ಲ.

ಕಾರ್ಯಕ್ರಮ ಮುಗಿಸಿ ಬುಟ್ಟಿ ಹಿಡ್ಕೊಂಡು ಗೇಟಿನ ತನಕ ಬಂದು ಕಾಕಾ, "ಇನ್ನ ಹೇಳವಾ ನೀ, ಯಾರ ಮುಂದ ಬೇಕಾದ್ರೂ ಹೇಳು. ಇನ್ನ ನನ್ನ ಯಾರೂ ಕೆಲಸದಿಂದ ತಗಿಯಂಗಿಲ್ಲ" ಅಂದ್ರು. ಅಬ್ಬಾ, ಎಷ್ಟು ಹಗುರಾತು ಅಂತೀನಿ. ಇಲ್ಲಿ ಹೈದರಾಬಾದಿನ್ಯಾಗ ತೆಲುಗಿನವರು ಅಂತಾರಲ್ಲ, ಬಾಯಾಗ ಎಳ್ಳುಕಾಳು ನೆನಿಯಂಗಿಲ್ಲ ಅಂತ, ನಾ ಅಂಥಾಕಿ. ಅಂಥಾಕಿ ಇಷ್ಟು ವರ್ಷ ಒಂದು ಮಾತು ನುಂಗಿಕೊಂಡು ಕುಂತಿದ್ದೆ ಅಂದ್ರ, ಅದು ಕಾಕಾನ ಮ್ಯಾಲಿನ ಪ್ರೀತಿಗೇ.

ಕಾಕಾ ಅಂದ್ರ ರಕ್ತಸಂಬಂಧ ಏನಿಲ್ಲ. ಲಿಂಗಸುಗೂರು ಕಡಿಯವರು, ನಮ್ಮಪ್ಪನೂ ಆ ಕಡಿಯಾಂವನೇ. ಇಬ್ಬರೂ ಸನತ್‌ನಗರದ ಒಂದು ತಗಡಿನ ಕಾರಖಾನಿಯೊಳಗ ಪ್ರೆಸ್ ಮಷಿನ್ ಮುಂದ ನಿಂತು ವಯಸ್ಸು ಕಳದವರು. ಕಾರಖಾನಿ ಮುಚ್ಚಿದ ಮ್ಯಾಲೆ ಕಾಕಾ ದವಾಖಾನಿ ಸೇರಿದ್ರು. ಮೊದಲು ಫೈಲ್ ಹೊರೋ ಕೆಲಸ, ಆಮ್ಯಾಲೆ ಓಪಿ ಕೌಂಟರಿನೊಳಗ ಪೇಷಂಟ್‌ಗಳ ಹೆಸರು ಕರೆಯೋ ಕೆಲಸ. ನಾನು ಡಿಗ್ರಿ ಮುಗಿಸಿ ಅದೇ ಕೌಂಟರಿಗೆ ಬಂದಾಗ ಅವರು ಅಲ್ಲಿ ಕುಂತು ಹತ್ತು ವರ್ಷ ಆಗಿತ್ತು.

ನಮ್ಮದು ಪರದೇಶದ ಮಂದಿ ಭಾಳ ಬರೋ ದವಾಖಾನಿ. ಶಂಶಾಬಾದಿನ್ಯಾಗ ವಿಮಾನ ಇಳಿದು ಸೂಟ್‌ಕೇಸ್ ಸಮೇತ ಸೀದಾ ನಮ್ಮ ಕೌಂಟರಿಗೆ ಬರ್ತಾರ. ಸುಡಾನ್, ಯೆಮನ್, ಇಥಿಯೋಪಿಯಾ, ತಾಂಜಾನಿಯಾ, ಉಜ್ಬೆಕಿಸ್ತಾನ. ಭಾಷಾ ಬರಂಗಿಲ್ಲ, ಊರು ಗೊತ್ತಿಲ್ಲ, ಜಡ್ಡು ಬ್ಯಾರೆ. ನನ್ನ ಮೊದಲನೇ ದಿನ ತಾಂಜಾನಿಯಾದ ಒಬ್ಬರ ಹೆಸರು ಕಂಪ್ಯೂಟರ್ ನೋಡಿ ಮೈಕಿನ್ಯಾಗ ಓದಿದೆ. ಯಾರೂ ಏಳಲಿಲ್ಲ. ಮೂರು ಸಲ ಒದರಿ, ಎದ್ದು ಬರಲಿಲ್ಲ ಅಂದ್ರ ನಾ ಏನು ಮಾಡಲಿ ಅಂತ ಮುಂದಿನ ಹೆಸರಿಗೆ ಹೋದೆ. ಕಾಕಾ ಬಂದು ಮೈಕಿನ ಮ್ಯಾಲೆ ಅಂಗೈ ಮುಚ್ಚಿದ್ರು.

"ಯವ್ವಾ, ನಿನ್ನ ಹೆಸರು ಯಾರರ ಮುರಿದು ಮುದ್ದಿ ಮಾಡಿ ಕರದ್ರ ನೀ ಎದ್ದು ನಿಲ್ತಿಯೇನು?"

"ನಿಲ್ಲಂಗಿಲ್ರಿ. ನನಗ ಹೆಂಗ ಗೊತ್ತಾಗಬೇಕು?"

"ಮತ್ತ ಆ ಮುದುಕಗ ಹೆಂಗ ಗೊತ್ತಾಗಬೇಕು? ಅಲ್ಲೇ ಕುಂತಾನ ನೋಡು, ನಿನ್ನ ಮಾರಿನ ನೋಡಾಕತ್ತಾನ."

ನಿಜ, ಎದುರಿಗೇ ಕುಂತಿದ್ದ. ನನಗ ಭಾಳ ನಾಚಿಕಿ ಆತು, ಕಾಕಾನ ಮ್ಯಾಲೆ ಸಿಟ್ಟೂ ಬಂತು. ಮೊದಲನೇ ದಿನ ಹಿಂಗ ಎಲ್ಲಾರ ಮುಂದ ಹೇಳೋದೇನು ಅಂತ.

ಅವರ ಪದ್ಧತಿ ಬ್ಯಾರೆ ಇತ್ತು. ಹೊಸಾ ಪೇಷಂಟ್ ಬಂದ್ರ ಪಾಸ್‌ಪೋರ್ಟ್ ಇಸ್ಕೊಂಡು ಟೇಬಲ್ ಮ್ಯಾಲೆ ಬೋರಲು ಹಾಕ್ತಿದ್ರು. ಕುರ್ಚಿ ಎಳಕೊಂಡು ಮೊಣಕಾಲಿಗೆ ಮೊಣಕಾಲು ತಾಗೂ ಹಂಗ ಎದುರಿಗೆ ಕುಂತು, ಎದಿ ಮುಟ್ಟಿ ತಮ್ಮ ಹೆಸರು ಹೇಳಿ, ಆಮ್ಯಾಲೆ ಅವರ ಕಡೆ ಕೈ ಮಾಡ್ತಿದ್ರು. ಅವರು ಹೇಳ್ತಿದ್ರು, ಕಾಕಾ ಬಾಯಿನ ನೋಡ್ತಿದ್ರು. ತಾವು ಹೇಳಿ ತೋರಿಸ್ತಿದ್ರು. ಅವರು ತಿದ್ದುತಿದ್ರು. ಮತ್ತ ಹೇಳ್ತಿದ್ರು. ಮೂರನೇ ಸಲಕ್ಕೋ ನಾಕನೇ ಸಲಕ್ಕೋ ಆ ಪೇಷಂಟ್ ನಗ್ತಿದ್ದ. "ನಗು ಬಂತಂದ್ರ ಹೆಸರು ಬಂತು" ಅಂತ ಕಾಕಾ ತಮ್ಮ ಉದ್ದನ ನೋಟ್‌ಬುಕ್ಕಿನೊಳಗ ಕನ್ನಡದಾಗ ಬರ್ಕೋತಿದ್ರು. ಗಂಟಲದಿಂದ ಬರೋ ಅಕ್ಷರಕ್ಕ ಕೆಳಗ ಒಂದು ಗೆರಿ, ಮೂಗಿನಿಂದ ಬರೋದಕ್ಕ ಮ್ಯಾಲೆ ಒಂದು ಚುಕ್ಕಿ, ನಾಲಿಗಿ ಚಟ್ ಅನ್ನೋದಕ್ಕ ಬಾಜೂಕ ಒಂದು ಕಡ್ಡಿ. "ಪಾಸ್‌ಪೋರ್ಟಿನ್ಯಾಗ ಇರೋದು ಸರಕಾರ ಬರದಿದ್ದು. ಬಾಯಾಗ ಇರೋದು ಅವರವ್ವ ಇಟ್ಟಿದ್ದು. ನಾವು ಅವರವ್ವನ ಮಾತು ಕೇಳೋಣು" ಅಂತಿದ್ರು.

ತಾಂಜಾನಿಯಾದಿಂದ ಒಬ್ಬಾಕಿ ಬಂದಿದ್ಲು, ಆಕಿ ಹೆಸರು 'ಙ್ವಾಲು' ಅಂತ. ಕಾಕಾಗ ಆ ದಿನ ಹಬ್ಬ. ಸಾಲಿಯೊಳಗ ಕ ಖ ಗ ಘ ಆದ ಮ್ಯಾಲೆ ಬರೋ ಆ ಅಕ್ಷರ ತಿದ್ದಿ ತಿದ್ದಿ ನಮ್ಮ ಬೆರಳು ಸವೆದಾವು, ಅದರಿಂದ ಸುರು ಆಗೋ ಮಾತು ನಾವು ಜನ್ಮದಾಗ ಒಂದು ಬರದಿಲ್ಲ. "ಐವತ್ತು ವರ್ಷ ಖಾಲಿ ಕುಂತಿತ್ತವಾ ಪಾಪ, ಈಗ ಅದಕ್ಕ ನೌಕರಿ ಸಿಕ್ತು" ಅಂತ ಎಲ್ಲಾರಿಗೂ ನೋಟ್‌ಬುಕ್ ತೋರಿಸಿಕೋತ ತಿರಗಾಡಿದ್ರು. ಇಥಿಯೋಪಿಯಾದವರ ಒಂದು ಅಕ್ಷರ ಐತಿ, ಉಸಿರು ಹಿಡದು ಹಲ್ಲಿನ ಹಿಂದ ಒಡದಂಗ ಹೇಳಬೇಕು. ಅದನ್ನ ಕ್ಯಾಂಟೀನಿನೊಳಗ ಇಡ್ಲಿ ತಿನ್ಕೋತ ರೂಢಿ ಮಾಡಾಕತ್ತಿದ್ರು. ಇಡ್ಲಿ ಗಂಟಲಿಗೆ ಸಿಕ್ಕೈತಿ ಅಂತ ತಿಳ್ಕೊಂಡು ಅಡಗಿಯಾಂವ ಓಡಿ ಬಂದು ಬೆನ್ನಿಗೆ ನಾಕು ಗುದ್ದಿದ.

ಯೆಮನ್‌ನ ಒಬ್ಬ ಮುದುಕನ ವಿಷಯ ಮಾತ್ರ ನಗೋವಂಥದ್ದಲ್ಲ. ಕಾಕಾ ಅವತ್ತು ರಜಾ. ಕಾಗದದಾಗ 'ಕಾಸಿಮ್' ಅಂತ ಇತ್ತು. ನಮ್ಮ ಹೈದರಾಬಾದಿನವರು ಅದನ್ನ 'ಖಾಸಿಮ್' ಅಂತಾರ, ಮೈಕಿನ್ಯಾಗ ನಮ್ಮ ಹುಡುಗ ಹಂಗೇ ಕರದ. ಆ ಮುದುಕನ ಊರಾಗ ಅದು 'ಗಾಸಿಮ್' ಅಂತ. ಮುಂಜಾನಿ ಬಂದಾಂವ ಮಧ್ಯಾಹ್ನದ ತನಕ ಉಪಾಸ ಕುಂತ. ಡಾಕ್ಟರ್ ಎದ್ದು ಹೋದ್ರು. ಮರುದಿನ ಕಾಕಾ ಬಂದು ಕೇಳಿ, ಆ ಮುದುಕನ ಕೈ ಹಿಡ್ಕೊಂಡು ಕುಂತುಬಿಟ್ರು. ಆಮ್ಯಾಲೆ ನಮ್ಮ ಕಡೆ ತಿರುಗಿ, "ಊರು ಬಿಟ್ಟು ಬಂದವರ ಹಂತ್ಯಾಕ ಇರೋದು ಅದೊಂದ. ಅದನ್ನೂ ಕಸಗೊಂಡ್ರ ಹೆಂಗ?" ಅಂದ್ರು. ಬೈಲಿಲ್ಲ. ಬೈದಿದ್ರ ಛಲೋ ಇತ್ತು.

ಬೈಯೋದೂ ಗೊತ್ತಿತ್ತು ಅವರಿಗೆ. ಒಬ್ಬ ಇಲ್ಲಿಯಾಂವನೇ, ತಾರ್ನಾಕದ ಕಡಿಯಾಂವ, ಆಫ್ರಿಕಾದ ಒಂದು ಹೆಸರು ಕೇಳಿ ಕಿಸಿಕಿಸಿ ನಕ್ಕ. ಕಾಕಾ ಅವನ ಹತ್ರ ಹೋಗಿ ಮನಿ ಹೆಸರು ಸಮೇತ ಪೂರ್ತಿ ಹೆಸರು ಕೇಳಿದ್ರು. ತೆಲುಗಿನವರ ಮನಿ ಹೆಸರು ಅಂದ್ರ ಕೇಳಬೇಕೇನು, ರೈಲುಗಾಡಿ. "ತಡೀರಿ, ಈಗ ಇದನ್ನ ಅವರ ಕಡಿಂದ ಹೇಳಸ್ತೀನಿ, ಎಲ್ಲಾರೂ ಕೂಡಿ ನಗೋಣು" ಅಂತ ಆ ಆಫ್ರಿಕಾದವರನ್ನ ಕರಕೊಂಡು ಬಂದ್ರು. ಅವನ ನಗು ಅಲ್ಲೇ ಆರಿತು. ನಮ್ಮ ಕಡಿಂದ ಬಂದು ಇಲ್ಲಿ ಕಂಪ್ಯೂಟರ್ ಕಂಪನಿಯೊಳಗ ಇರೋ ಮಂಗಳೂರು, ಮೈಸೂರಿನ ಹುಡುಗರು ಮಾತ್ರ ತಮ್ಮ ಹೆಸರಿನ ಳಕಾರ ಮೈಕಿನ್ಯಾಗ ಸರಿಯಾಗಿ ಕೇಳಿ, ಯಾರಪ್ಪಾ ಇವರು ಅಂತ ಕೌಂಟರಿನ ತನಕ ಬಂದು ಮಾತಾಡಿಸಿ ಹೋಗ್ತಿದ್ರು.

ಹಿಂಗ ಇದ್ದವರು ಕೊರೊನಾ ಬಂದ ಮ್ಯಾಲೆ ಬದಲಾದ್ರು. ವಿಮಾನ ಮತ್ತ ಸುರು ಆಗಿ ಪರದೇಶದ ಮಂದಿ ಬರಾಕತ್ತಿದ್ರು, ಎಲ್ಲಾರ ಮಾರಿಗೂ ಮಾಸ್ಕ್. ಕಾಕಾ ಕುರ್ಚಿ ಎಳಕೊಂಡು ಎದುರಿಗೆ ಕುಂದ್ರೋದು ಬಿಟ್ರು. "ನೀನ ಹೆಸರು ಕೇಳಿ ಬರ್ಕೊ ಯವ್ವಾ, ನನಗ ಫೈಲ್ ನೋಡೋದೈತಿ" ಅನ್ನಾಕತ್ತಿದ್ರು. ಒಂದು ದಿನ, ಎರಡು ದಿನ, ಹದಿನೈದು ದಿನ. ಒಂದು ಸಲ ತಪ್ಪು ಹೆಸರೂ ಕರದ್ರು. ನನಗ ತಲಿ ಕೆಟ್ಟು ಹೋತು. ಎಲ್ಲಾ ಕೆಲಸ ನನ್ನ ಕೊಳ್ಳಿಗೆ ಕಟ್ಟಿ ತಾವು ಆರಾಮ ಕುಂತಾರ ಅಂತ. ಒಂದು ದಿನ ಅವರ ಬೆನ್ನ ಹಿಂದನ ನಿಂತು, ಮಾಸ್ಕಿನೊಳಗ, "ಮುದುಕಗ ಸೊಕ್ಕು ಬಂದೈತಿ" ಅಂದೆ. ಕಾಕಾ ತಿರಗಲಿಲ್ಲ. ಇನ್ನೂ ಸ್ವಲ್ಪ ಜೋರ ಅಂದೆ. ತಿರಗಲಿಲ್ಲ. ಮುಂದ ಹೋಗಿ ನಿಂತು ಮಾರಿಗೆ ಮಾರಿ ಕೊಟ್ಟು, "ಕಾಕಾ, ನಿಮಗ ಸೊಕ್ಕು ಬಂದೈತಿ" ಅಂದೆ.

ಕಾಕಾ ನನ್ನ ಕಣ್ಣು ನೋಡಿ ನಕ್ಕಂಗ ಮಾಡಿ, "ಆತವಾ, ಚಾ ಕುಡದು ಬಾ, ನಾ ಇರ್ತೀನಿ" ಅಂದ್ರು.

ಚೀಟಿಯೊಂದರ ಹಿಂದ, "ನಿಮಗ ಕೇಳಸಂಗಿಲ್ಲೇನು?" ಅಂತ ಬರದು ಕೊಟ್ಟೆ. ಓದಿದ್ರು. ನಾಕು ಮಡಿಕಿ ಮಾಡಿ ಅಂಗಿ ಕಿಸೆದೊಳಗ ಇಟ್ಕೊಂಡ್ರು. ಹಿಂದಿನ ಮೆಟ್ಟಲ ಹಂತ್ಯಾಕ ಕರಕೊಂಡು ಹೋಗಿ, ದೂರ ನಿಂತು, ಮಾಸ್ಕ್ ಇಳಿಸು ಅಂತ ಸನ್ನಿ ಮಾಡಿದ್ರು.

"ಪ್ರೆಸ್ ಮಷಿನ್ ತಿಂತವಾ ಕಿವಿ" ಅಂದ್ರು. "ಆ ಸದ್ದಿನ್ಯಾಗ ಯಾರ ಮಾತು ಯಾರಿಗೆ ಕೇಳಸ್ತಿತ್ತು? ಬಾಯಿ ನೋಡೇ ಮಾತಾಡ್ತಿದ್ವಿ. ಅದ ರೂಢಿ ಇಲ್ಲಿ ಅನ್ನ ಹಾಕ್ತು. ಅರ್ಧ ಕೇಳಸ್ತಿತ್ತು, ಅರ್ಧ ನೋಡ್ತಿದ್ದೆ. ಈಗ ಆ ಅರ್ಧಾನೂ ಹೋತು, ಬಾಯೂ ಮುಚ್ಚಿದ್ರು. ನಿಮ್ಮಪ್ಪಂದೂ ಇದ ಕತಿ, ಗೊತ್ತಿಲ್ಲೇನು ನಿನಗ?"

ಗೊತ್ತಿರಲಿಲ್ಲ. ಟಿವಿ ಯಾಕ ಅಷ್ಟು ಜೋರ ಇಡ್ತಿ ಅಂತ ನಾ ದಿನಾ ಅಪ್ಪನ ಜೋಡಿ ಜಗಳಾಡ್ತಿದ್ದೆ. ಆ ಮೆಟ್ಟಲ ಮ್ಯಾಲೆ ನಿಂತು ನನಗ ಅಳು ಬಂತು.

"ಯಾರಿಗೂ ಹೇಳಬ್ಯಾಡ" ಅಂದ್ರು. "ಹೆಸರು ಕರೆಯಾಂವಗೇ ಕಿವಿ ಇಲ್ಲಂದ್ರ ಯಾರು ಇಟ್ಕೋತಾರ? ಹೆಸರು ಬ್ಯಾಡ, ನಂಬರಿನ ಬೋರ್ಡ್ ಹಾಕೋಣು ಅಂತ ಮೊದಲೇ ಮಾತು ನಡದೈತಿ. ಇನ್ನ ನಾಕು ವರ್ಷ ಐತಿ ನಂದು. ಇದು ಬಿಟ್ರ ನನಗ ಬ್ಯಾರೆ ಏನೂ ಬರಂಗಿಲ್ಲವಾ."

ಅವತ್ತಿನಿಂದ ನಾನು ಹೆಸರು ಕೇಳಿ ಬರೋದು, ಹಿಂದಿನ ಮೆಟ್ಟಲಿಗೆ ಹೋಗಿ ಮಾಸ್ಕ್ ಇಳಿಸಿ ಕಾಕಾಗ ಹೇಳಿ ತೋರಿಸೋದು, ಅವರು ಕರೆಯೋದು. ಸುಮಾರು ನಡೀತು. ಆದ್ರ ನನ್ನ ಬಾಯಿಗೆ ಬಂದದ್ದಷ್ಟೇ ಅವರಿಗೆ ಸಿಗ್ತಿತ್ತು. ಒಂದು ದಿನ ಇಥಿಯೋಪಿಯಾದ ಒಬ್ಬಾಕಿ ಬಂದ್ಲು, ಒಬ್ಬಾಕಿನ. ಜೋಡಿ ಬಂದ ಅಣ್ಣ ಜ್ವರ ಬಂದು ಲಾಡ್ಜಿನ್ಯಾಗ ಮಲಗಿದ್ದ. ಆಕಿಗೆ ಹೃದಯದ ಜಡ್ಡು, ನೋಡೋ ಡಾಕ್ಟರ್ ವಾರಕ್ಕೊಮ್ಮೆ ಬರೋರು. ಆಕಿ ಹೆಸರು, ಸೂರ್ಯ ಅನ್ನೋ ಅರ್ಥದ್ದಂತ, ಆ ಹಲ್ಲಿನ ಹಿಂದ ಒಡೆಯೋ ಅಕ್ಷರದಿಂದನ ಸುರು. ನಾ ಹತ್ತು ಸಲ ಹೇಳಿದೆ, ಆಕಿ ಹತ್ತೂ ಸಲ ಅಡ್ಡ ತಲಿ ಅಲ್ಲಾಡಿಸಿದ್ಲು. ನಾ ಹೇಳಿದ್ದು ನೋಡಿ ಕಾಕಾನೂ, "ಇದು ಹೆಸರಲ್ಲ ಯವ್ವಾ, ಸೀನು" ಅಂದ್ರು.

ನಾ ಬ್ಯಾಡ ಅನ್ನೋದರಾಗ ಕಾಕಾ ಆಕಿನ್ನ ಕರಕೊಂಡು ಹೊರಗ ನಡದಿದ್ರು. ಗಾಡಿ ನಿಲ್ಲಿಸೋ ಜಾಗಾದಾಗ, ಬಿಸಲಾಗ, ಆಕಿನ್ನ ಒಂದು ಕಡೆ ನಿಲ್ಲಿಸಿ ತಾವು ಎರಡು ಮಾರು ದೂರ ಹೋಗಿ ನಿಂತು ಮಾಸ್ಕ್ ಇಳಿಸಿದ್ರು. ಆಕಿನೂ ಇಳಿಸಿದ್ಲು. ಆಕಿ ಹೇಳ್ತಾಳ, ಇವರು ಹೇಳ್ತಾರ. ಆಕಿ ಗಲ್ಲ ಮುಟ್ಟಿ ತೋರಿಸ್ತಾಳ, ಇವರು ಗಲ್ಲ ಮುಟ್ಕೋತಾರ. ಕಡೀಕ ಆಕಿ ಎರಡೂ ಕೈ ಎದಿ ಮ್ಯಾಲೆ ಇಟ್ಕೊಂಡು ನಕ್ಕಳು. ಒಂದು ತಾಸಿನ ಮ್ಯಾಲೆ ಕಾಕಾ ಮೈಕಿನ್ಯಾಗ ಕರದಾಗ ಒಂದೇ ಕರಿಗೆ ಎದ್ದು ನಿಂತು ಒಳಗ ಹೋದ್ಲು. ನನಗ ಹೋದ ಜೀವ ಬಂತು.

ಬಂದ ಜೀವ ಮರುದಿನ ಮತ್ತ ಹೋತು. ಯಾರೋ ಪೇಷಂಟ್ ಕಡಿಯವರು ಅದನ್ನ ಮೊಬೈಲಿನ್ಯಾಗ ಹಿಡದು, ನಿಮ್ಮ ಮಂದೀನ ಮಾಸ್ಕ್ ತಗದು ರೋಗ ಹಚ್ಚಾಕತ್ತಾರ ಅಂತ ಕಂಪ್ಲೇಂಟ್ ಕೊಟ್ಟಿದ್ರು. ಸೂಪರಿಂಟೆಂಡೆಂಟ್ ಮೇಡಂ ಕರಸಿದ್ರು. ಹೊಸದಾಗಿ ಬಂದಿದ್ರು ಅವರು, ಕಡಕ್ ಅಂತ ಸುದ್ದಿ. ನಾನೂ ಜೋಡಿ ಹೋದೆ. ಸುಳ್ಳು ತಯಾರಿ ಇತ್ತು: ಆಕಿಗೆ ಒಳಗ ಉಸಿರು ಕಟ್ಟಿದಂಗಾಗಿತ್ತು, ಗಾಳಿಗೆ ಕರಕೊಂಡು ಹೋಗ್ರಿ ಅಂತ ನಾನ ಹೇಳಿದ್ದೆ ಅಂತ.

ಮೇಡಂ ಮಾಸ್ಕಿನೊಳಗಿಂದ ತೆಲುಗಿನ್ಯಾಗ ಒಂದು ಪ್ರಶ್ನಿ ಕೇಳಿದ್ರು. ಕಾಕಾ ಸುಮ್ನ ನಿಂತ್ರು. ಮತ್ತ ಕೇಳಿದ್ರು, ಈ ಸಲ ದನಿ ಏರಿತ್ತು. ನಾ ಬಾಯಿ ತಗದೆ. ಕಾಕಾ ನನ್ನ ಕಡೆ ಕೈ ಎತ್ತಿ ತಡದ್ರು.

"ಮೇಡಂ, ನೀವು ಏನು ಕೇಳಿದ್ರೋ ನನಗ ತಿಳೀಲಿಲ್ಲ" ಅಂದ್ರು ತೆಲುಗಿನ್ಯಾಗ. "ನನಗ ಕಿವಿ ಕೇಳಸಂಗಿಲ್ಲ. ಭಾಳ ವರ್ಷ ಆತು. ಬಾಯಿ ನೋಡಿ ಹೆಸರು ಕಲೀತೀನಿ. ಆಕಿ ಬಾಯಿ ನೋಡಾಕ ಹೊರಗ ಕರಕೊಂಡು ಹೋಗಿದ್ದೆ. ಈ ಹುಡುಗೀದು ಏನೂ ತಪ್ಪಿಲ್ಲ."

ನಾ ನೆಲ ನೋಡ್ಕೋತ ನಿಂತೆ. ಮುಗೀತು, ಇವತ್ತಿಗೆ ಕಾಕಾನ ನೌಕರಿ ಮುಗೀತು ಅಂದ್ಕೊಂಡೆ. ಮೇಡಂ ಎದ್ದು ಹೋಗಿ ಕಿಟಕಿ ಪೂರ್ತಿ ತಗದ್ರು. ಅಲ್ಲೇ ನಿಂತು ಮಾಸ್ಕ್ ಗದ್ದಕ್ಕ ಇಳಿಸಿ, ಒಂದೊಂದ ಮಾತು ಬಿಡಿಸಿ, ಕಾಕಾನ ಮಾರಿ ನೋಡಿ ಹೇಳಿದ್ರು: "ಕಿವಿ ಡಾಕ್ಟರು ನಮ್ಮಲ್ಲೇ ಅದಾರಲ್ಲ, ಎರಡನೇ ಮಾಳಿಗಿಯೊಳಗ. ಇಷ್ಟು ವರ್ಷದಾಗ ಒಮ್ಮೆ ಯಾಕ ಹೋಗಲಿಲ್ಲ?"

ಕಾಕಾ ಸಣ್ಣ ಹುಡುಗರಂಗ ಕೈ ಹಿಸುಕಿಕೋತ ನಿಂತ್ರು. "ಅಲ್ಲಿ ಹೆಸರು ಕರೀತಾರಲ್ಲ ಮೇಡಂ" ಅಂದ್ರು. "ಎಲ್ಲಾರ ನಡಕ ಕುಂತಿರ್ತೀನಿ. ಕರೀತಾರ, ನನಗ ಕೇಳಸಂಗಿಲ್ಲ. ಮತ್ತ ಕರೀತಾರ. ಹೆಸರು ಕರೆಯಾಂವ ತನ್ನ ಹೆಸರಿಗೇ ಏಳಲಿಲ್ಲ ಅಂತ ಮಂದಿ ನೋಡ್ತಾರ. ಆ ಹೆದರಿಕಿಗೆ ಹೋಗಲಿಲ್ಲ."

ಮೇಡಂ ಮಾಸ್ಕ್ ಏರಿಸಿಕೊಂಡ್ರು. ಕಣ್ಣು ಹಸಿ ಆಗಿದ್ವು, ನಾ ನೋಡೀನಿ. ನನ್ನ ಕಡೆ ತಿರುಗಿ, "ಇವತ್ತ, ಈಗ ಕರಕೊಂಡು ಹೋಗು. ಬಾಜೂಕ ಕುಂದ್ರು. ಅವರೇನು ಹೇಳ್ತಾರೋ ನೋಡಿ ಮುಂದಿನ ಮಾತು" ಅಂದ್ರು.

ಎರಡನೇ ಮಾಳಿಗಿಯೊಳಗ ಬೆಂಚಿನ ಮ್ಯಾಲೆ ಕುಂತ್ವಿ. ಕಾಕಾ ಎರಡೂ ಅಂಗೈ ತೊಡಿ ಮ್ಯಾಲೆ ಇಟ್ಕೊಂಡು ಗ್ವಾಡಿ ಮ್ಯಾಲಿನ ಕಿವಿ ಚಿತ್ರ ನೋಡಾಕತ್ತಿದ್ರು. ಬಾಗಲ ಹಂತ್ಯಾಕ ಒಬ್ಬಾಕಿ ಹುಡುಗಿ ಫೈಲ್ ಹಿಡ್ಕೊಂಡು ಬಂದು ಹೆಸರು ಕರದ್ಲು. ನಾ ಕಾಕಾನ ಮೊಣಕೈ ಮುಟ್ಟಿದೆ.

"ಕರದ್ರೇನು?"

ಮಾಸ್ಕ್ ಇಳಿಸಿದೆ. "ಹೂಂ, ಕರದ್ರು."

"ಸರಿ ಕರದ್ರೇನು?"

"ಇಲ್ಲ ಕಾಕಾ. ಪೂರಾ ಕೆಡಿಸಿ ಕರದ್ಲು."

ಕಾಕಾ ಮೊಣಕಾಲ ಮ್ಯಾಲೆ ಕೈ ಊರಿ ಎದ್ರು. "ಹಂಗಾದ್ರ ನಂದಿನ್ನೂ ಇಲ್ಲಿ ಕೆಲಸ ಐತಿ ಬಿಡು" ಅಂತ ಒಳಗ ನಡದ್ರು.